ಹಸುವೋ ಕುದುರೆಯೋ ಎಂದು ಜಗಳವಾಡಿದ ಮಳೆಗಾಲ

ಮೊನ್ನೆ ಗುಬ್ಬಿಯಲ್ಲಿ ಟೈಲ್ಸ್ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದೆ. ಮಧ್ಯಾಹ್ನದ ಬಿಸಿಲು. ರಸ್ತೆ ಪಕ್ಕದ ಹುಣಸೆ ಮರದ ನೆರಳಿನಲ್ಲಿ ನಿಲ್ಲಿಸಿ, ಕ್ಯಾನಿನ ನೀರಿನಲ್ಲಿ ಮುಖ ತೊಳೆದುಕೊಂಡು, ಉಳಿದದ್ದನ್ನು ಅಲ್ಲಿದ್ದ ಮೋರಿಯ ಚಪ್ಪಡಿಯ ಮೇಲೆ ಚೆಲ್ಲಿದೆ. ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಳೆ ಬಿದ್ದ ಮಣ್ಣಿನ ವಾಸನೆಯಲ್ಲ. ಅದಕ್ಕಿಂತ ಒಣ, ಸ್ವಲ್ಪ ಸುಣ್ಣದ ಹಾಗೆ, ಸ್ವಲ್ಪ ಹಳೆಯ ತಾಮ್ರದ ಪಾತ್ರೆಯ ಹಾಗೆ. ಅದು ಮೂಗಿಗೆ ಬಡಿದದ್ದೇ ನಾನು ಗಾಡಿಯ ಕಡೆ ತಿರುಗಿ, "ಇನ್ನೊಂದು ಕ್ಯಾನ್ ಬೇಕಾ?" ಎಂದು ಕೇಳಿಬಿಟ್ಟೆ. ಸೀಟಿನಲ್ಲಿ ಯಾರೂ ಇರಲಿಲ್ಲ. ನನ್ನ ಹೆಂಡತಿ ಮಂಗಳ ಹೋಗಿ ವರ್ಷ ತುಂಬಿದೆ.

ಅವಳ ಕೊನೆಯ ಮಳೆಗಾಲದ ಬಗ್ಗೆ ಬರೆಯಬೇಕೆಂದು ಅನ್ನಿಸಿದ್ದು ಅಲ್ಲೇ. ದುಃಖ ತೋಡಿಕೊಳ್ಳುವುದಕ್ಕಲ್ಲ. ಆ ಮಳೆಗಾಲದಲ್ಲಿ ಒಂದು ಜಗಳ ನಡೆಯಿತು. ಅದು ಇನ್ನೂ ಮುಗಿದಿಲ್ಲ. ಅದರಲ್ಲಿ ಅವಳು ಹೇಳಿದ್ದೇ ಸರಿ.

ಅವಳ ಪೂರ್ತಿ ಹೆಸರು ಸರ್ವಮಂಗಳ. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರ್. ನಾನು ಹೆಬ್ಬೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಟ್ಟಣಕ್ಕೆ ಬಂದವನು, ತುಮಕೂರಿನ ಅಂಚಿನ ಸತ್ಯಮಂಗಲದ ಕಾರ್ಖಾನೆಗಳಿಗೆ ನಾಲ್ಕು ಚಕ್ರದ ಲಗೇಜ್ ಆಟೊ ಓಡಿಸುತ್ತೇನೆ. ನಮಗೆ ಮಕ್ಕಳಿಲ್ಲ. ಸಂಜೆ ಮನೆಯಲ್ಲಿ ಅವಳ ಮಾತು, ನನ್ನ ಮೌನ ಎರಡೂ ಒಂದಕ್ಕೊಂದು ಅಡ್ಡಿಯಿಲ್ಲದೆ ಇದ್ದವು.

ಅವಳು ಫೋನಿನಲ್ಲಿ ಒಂದು ಗ್ರೂಪಿಗೆ ಸೇರಿದ್ದಳು. "ನಮ್ಮ ಸೀಮೆಯ ಚರಿತ್ರೆ" ಎಂದು ಅದರ ಹೆಸರು. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಮೇಷ್ಟರು, ವಕೀಲರು, ಅಂಗಡಿಯವರು, ರಿಟೈರಾದವರು ನೂರಾರು ಜನ. ಬೆಳಿಗ್ಗೆ ಎಲ್ಲರೂ ಹೂವಿನ ಚಿತ್ರ ಹಾಕಿ ಶುಭೋದಯ ಹೇಳುತ್ತಿದ್ದರು. ತಿಂಡಿ ಮುಗಿಯುವ ಹೊತ್ತಿಗೆ ಕಿತ್ತಾಟ. ಈ ಕೆರೆ ಕಟ್ಟಿಸಿದ್ದು ಯಾರು, ಆ ಪಾಳೆಯಗಾರನಿಗೆ ಮೋಸ ಮಾಡಿದ್ದು ಯಾವ ಜಾತಿಯವನು, ಈಗಿನ ಸರ್ಕಾರ ಸರಿಯೋ ಹಿಂದಿನದು ಸರಿಯೋ. ಎಲ್ಲಿಂದ ಶುರುವಾದರೂ ಕೊನೆಗೆ ಓಟಿನ ಹತ್ತಿರ ಬಂದು ನಿಲ್ಲುತ್ತಿತ್ತು.

ಗ್ರೂಪಿನ ಅಡ್ಮಿನ್ ರಂಗಸ್ವಾಮಿ. ಕುಣಿಗಲ್ಲಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾನೆ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಚುನಾವಣೆ ಎಲ್ಲವೂ ಅವನ ಮೆಷಿನ್ನಿನಿಂದಲೇ ಹೊರಬರುತ್ತವೆ. ಗ್ರೂಪಿನಲ್ಲಿ ಮಂಗಳಾಗೂ ಅವನಿಗೂ ದಿನಾ ಜಗಳ. ಎದುರಿಗೆ ಸಿಕ್ಕರೆ ಅವನು "ಅಕ್ಕ" ಎನ್ನುತ್ತಿದ್ದ, ಇವಳು ಅವನಿಗೆಂದು ಚಕ್ಕುಲಿ ಕಟ್ಟಿಕೊಂಡು ಹೋಗುತ್ತಿದ್ದಳು. ನಾನು ಅವನಿಗೆ ಭಾವ.

ಆ ಗ್ರೂಪಿಗೆ ಒಂದು ನಿಯಮ ಇತ್ತು. ಅದನ್ನು ತಂದವಳು ಮಂಗಳಾನೇ. "ಕಂಡು ಬರೆ" ಎಂದು ಅದಕ್ಕೆ ಹೆಸರಿಟ್ಟಿದ್ದರು. ಒಂದು ಕಲ್ಲಿನ ಬಗ್ಗೆ, ಗುಡಿಯ ಬಗ್ಗೆ, ಕೆರೆಯ ಬಗ್ಗೆ ಇಬ್ಬರು ಹಟಕ್ಕೆ ಬಿದ್ದರೆ ಆ ಇಬ್ಬರೂ ಒಟ್ಟಿಗೆ ಅಲ್ಲಿಗೆ ಹೋಗಿ ನೋಡಿಕೊಂಡು ಬರಬೇಕು. ಬೇರೆ ಬೇರೆ ಹೋಗುವ ಹಾಗಿಲ್ಲ. "ಒಂದೇ ಗಾಡೀಲಿ ಕೂತು ಹೋದ್ರೆ ಅರ್ಧ ಜಗಳ ದಾರೀಲೇ ಕರಗುತ್ತೆ" ಎನ್ನುತ್ತಿದ್ದಳು. ಆ ಒಂದೇ ಗಾಡಿ ಬಹಳ ಸಲ ನನ್ನದೇ ಆಗಿರುತ್ತಿತ್ತು. ಭಾನುವಾರ ಲೋಡು ಇರುತ್ತಿರಲಿಲ್ಲ. ಮಂಗಳ ಮುಂದೆ ನನ್ನ ಪಕ್ಕ, ಎದುರಾಳಿ ಹಿಂದೆ ಟಾರ್ಪಾಲಿನ ಮೇಲೆ. ಗ್ರೂಪಿನಲ್ಲಿ ಹುಲಿಯಂತೆ ಬರೆಯುತ್ತಿದ್ದ ವಕೀಲರೊಬ್ಬರು ಬೆಳ್ಳಾವಿ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕುಲುಕಿ, ಇಳಿಯುವ ಮೊದಲೇ "ನೀವು ಹೇಳಿದ್ದೇ ಇರಬಹುದು ಟೀಚರ್" ಎಂದಿದ್ದರು.

ಆ ವರ್ಷ ಆಷಾಢದಲ್ಲಿ ಮುಂಗಾರು ಕೈಕೊಟ್ಟಿತ್ತು. ಬರೀ ಗಾಳಿ, ಬರೀ ಬಿಸಿಲು. ರಾಗಿ ಬಿತ್ತುವವರು ಆಕಾಶ ನೋಡುತ್ತಿದ್ದರು. ಗುಬ್ಬಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ವೀರಗಲ್ಲಿನ ಫೋಟೊ ಗ್ರೂಪಿಗೆ ಬಂದದ್ದು ಆಗ. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರ ಮೇಲೆ ನನಗೀಗ ಮುನಿಸಿಲ್ಲ. ಕಲ್ಲಿನ ಮೇಲೆ ಅಕ್ಷರ ಇರಲಿಲ್ಲ, ಚಿತ್ರ ಮಾತ್ರ. ರಂಗಸ್ವಾಮಿ ಅದರ ಕೆಳಗೆ ಬರೆದ: "ಪರಕೀಯರ ಕುದುರೆ ಸೈನ್ಯವನ್ನು ತಡೆದು ಧರ್ಮಕ್ಕಾಗಿ ಪ್ರಾಣ ಕೊಟ್ಟ ನಮ್ಮ ಕಲಿ." ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮಂಗಳ ಒಂದೇ ಸಾಲು ಬರೆದಳು: "ಅವು ಕುದುರೆಗಳಲ್ಲ, ಹಸುಗಳು. ಭಾನುವಾರ ಹೋಗೋಣ."

ಹೋದೆವು. ಊರ ಬಾಗಿಲಲ್ಲಿ ಬೇವಿನ ಮರ, ಅದರ ಬುಡದಲ್ಲಿ ಎದೆಯೆತ್ತರದ ಕಲ್ಲು. ಎಣ್ಣೆ ಕುಡಿದು ಕಪ್ಪಾಗಿತ್ತು. ಮಂಗಳ ದಾರಿಯಲ್ಲೇ ನಮಗೆ ಪಾಠ ಮಾಡಿ ಮುಗಿಸಿದ್ದಳು. ವೀರಗಲ್ಲಿಗೆ ಮೂರು ಅಂತಸ್ತು. ಕೆಳಗಿನದು ಅವನು ಸತ್ತ ಜಾಗ. ನಡುವಿನದು ಅಪ್ಸರೆಯರು ಅವನನ್ನು ಕರೆದೊಯ್ಯುವ ದಾರಿ. ಮೇಲಿನದು ಕೈಲಾಸ, ಅಲ್ಲಿ ಲಿಂಗದ ಮುಂದೆ ಅವನು ಕೂತಿರುತ್ತಾನೆ. "ಎಲ್ಲಾ ಕಲ್ಲಲ್ಲೂ ಮೇಲಿನ ಎರಡು ಒಂದೇ ಥರ. ಅವನ ಸ್ವಂತದ್ದು ಅಂತ ಇರೋದು ಕೆಳಗಿಂದು ಮಾತ್ರ" ಎಂದಳು.

ಕೆಳಗಿನ ಅಂತಸ್ತು ಸವೆದಿತ್ತು. ಅವಳು ಹೇಳಿದಂತೆ ನಾನು ಕ್ಯಾನಿನಿಂದ ನೀರು ಸುರಿದೆ. ಬಿಸಿಲಿಗೆ ಕಾದ ಕಲ್ಲಿನಿಂದ ಆ ವಾಸನೆ ಎದ್ದಿತು. ಇಳಿಬಿಸಿಲು ಓರೆಯಾಗಿ ಬೀಳುತ್ತಿತ್ತು. ಒದ್ದೆ ಕಲ್ಲಿನ ಮೇಲೆ ನೋಡನೋಡುತ್ತ ಒಬ್ಬ ಬಿಲ್ಲುಗಾರ ಎದ್ದ, ಅವನ ಹಿಂದೆ ಎರಡು ಪ್ರಾಣಿ.

"ಅಕ್ಕ, ನೋಡಿ, ಕಾಲು ಹೆಂಗಿದೆ! ಕುದುರೇನೇ" ಎಂದ ರಂಗಸ್ವಾಮಿ.

"ನೀನು ಕುಣಿಗಲ್ಲಿನೋನಪ್ಪ. ಕುದುರೆ ಫಾರಂ ಪಕ್ಕ ಹುಟ್ಟಿ ಬೆಳೆದೋನು. ನಿನಗೆ ಕತ್ತೆ ತೋರ್ಸಿದ್ರೂ ರೇಸಿಗೆ ಬಿಡ್ತೀಯ."

ಅಷ್ಟರಲ್ಲಿ ಊರಿನವರು ಸೇರಿದ್ದರು. ಯುವಕರ ಸಂಘದ ಅಧ್ಯಕ್ಷ ನಂಜುಂಡ ಎನ್ನುವವನು ಮುಂದೆ ಬಂದು, "ಏನ್ ಮೇಡಂ, ನಮ್ ವೀರಪ್ಪ ಏನಂತಾನೆ?" ಎಂದು ಕೇಳಿದ.

ಮಂಗಳ ಬಗ್ಗಿ, ನನ್ನ ಕೈ ಹಿಡಿದು ಕಲ್ಲಿನ ಮೇಲಿಟ್ಟಳು. "ನೀವು ಹಸು ಮೇಯಿಸಿದೋರು. ಕಣ್ಣು ಮುಚ್ಚಿ ಹೇಳಿ."

ಮುಟ್ಟಿದೆ. ಬೆನ್ನಿನ ಮೇಲೆ ಉಬ್ಬು, ಹಿಣಿಲು. ಕತ್ತಿನ ಕೆಳಗೆ ಜೋಲುವ ಗಂಗೆದೊಗಲು. ಕಲ್ಲಾದರೂ ಕೈಗೆ ಗೊತ್ತಾಗುತ್ತದೆ. "ಹಸು" ಎಂದೆ. ಅವಳು ರಂಗಸ್ವಾಮಿಯ ಕೈಯನ್ನೂ ಹಿಡಿದು ಅಲ್ಲಿಟ್ಟಳು. ಅವನು ಸುಮಾರು ಹೊತ್ತು ಬೆರಳಾಡಿಸಿ, "ಹೂಂ, ಹಿಣಿಲು ಇದ್ದಂಗಿದೆ" ಎಂದ. ಅವನು ಹಾಗೆಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ಹಂಗಾದ್ರೆ ಯಾರ್ ಮ್ಯಾಲೆ ಯುದ್ಧ ಮಾಡ್ದ ಇವ್ನು?" ಎಂದು ನಂಜುಂಡ ಕೇಳಿದ.

"ಹಸು ಕಳ್ಳರ ಮೇಲೆ. ಆಗ ಊರಿಂದ ಊರಿಗೆ ಹಸು ಹೊಡ್ಕೊಂಡು ಹೋಗೋರು. ತಡೆಯೋಕೆ ಹೋದೋನು ಸಾಯೋನು."

"ಯಾವೂರ್ನೋರು?"

"ಹತ್ತಿರದೋರೇ ಇರ್ಬೇಕು. ಮಂದೆ ಹೊಡ್ಕೊಂಡು ಎಷ್ಟು ದೂರ ಓಡೋಕಾಗುತ್ತೆ? ಈ ಕೆರೆ ಆಚೆ ಊರೋ ಏನೋ."

"ಅಯ್ಯಯ್ಯೋ! ಅದು ನಮ್ಮತ್ತೆ ಊರು ಕಣಮ್ಮ!"

ಹಿಂದಿನಿಂದ ಯಾರೋ ಕೂಗಿದರು: "ಅದ್ಕೇ ಕಣ್ಲಾ, ನಿನ್ ಬಾಮೈದ ಹಬ್ಬಕ್ ಬಂದೋನು ಹುಂಜ ಎತ್ಕೊಂಡ್ ಹೋಗಿದ್ದು!"

ಎಲ್ಲರೂ ನಕ್ಕರು. ಮಂಗಳ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಪುಟ್ಟಮ್ಮ ಎಂಬ ಮುದುಕಿ ಮಾತ್ರ ನಗದೆ, ಕಲ್ಲಿನ ಬುಡ ತೋರಿಸಿ ಹೇಳಿದಳು: "ಇದ್ರಲ್ ಏನೈತವ್ವ ಜಗಳ? ನಮ್ಮತ್ತೆ ಕಾಲ್ದಿಂದ್ಲೂ ಮನೇಲಿ ಹಸ ಈದ್ರೆ ಮೊದ್ಲು ಗಿಣ್ಣು ಇಲ್ಲಿಗೇ ತರದು. ಈ ಹಸಗಳ್ ಮ್ಯಾಲ್ ಹುಯ್ದೇ ನಾವ್ ಕುಡಿಯದು." ಈದ ಹಸುವಿನ ಮೊದಲ ಹಾಲು ಗಿಣ್ಣು. ಹಸುಗಳ ಮುಂದಿನ ಕಲ್ಲಿನಲ್ಲಿ ಅಂಗೈಯಷ್ಟು ಕುಳಿ ಬಿದ್ದಿತ್ತು. ಮಂಗಳ ಅದನ್ನೂ ನೀರಿನಿಂದ ತೊಳೆದು ನೋಡಿದಳು.

ವಾಪಸ್ ಬಂದ ಮೇಲೆ ನಡೆದದ್ದೇ ಬೇರೆ. ಮಂಗಳ ಗ್ರೂಪಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆದಳು. ರಂಗಸ್ವಾಮಿ, "ನೋಡಿದೆವು, ಸ್ಪಷ್ಟವಾಗಿಲ್ಲ, ಕುದುರೆ ಇರುವ ಸಾಧ್ಯತೆ ಹೆಚ್ಚು" ಎಂದು ಬರೆದ. ಹೋಗಿ ನೋಡದವರೆಲ್ಲ ಅವನ ಹಿಂದೆ ನಿಂತರು. ಟೀಚರಮ್ಮನಿಗೆ ನಮ್ಮ ವೀರರು ದನ ಕಾಯುವವರಾಗಿ ಕಾಣುತ್ತಾರೆ ಎಂದ ಒಬ್ಬ. ಯಾರ ದುಡ್ಡು ತಿಂದು ಹೀಗೆ ಬರೆಯುತ್ತೀರಿ ಎಂದ ಮತ್ತೊಬ್ಬ. ಮಕ್ಕಳಿಲ್ಲದವರಿಗೆ ಮುಂದಿನ ಪೀಳಿಗೆಯ ಚಿಂತೆ ಇರುವುದಿಲ್ಲ ಎಂದವನೂ ಇದ್ದ. ಅವನು ಪ್ರತಿದಿನ ಬೆಳಿಗ್ಗೆ ದೇವರ ಚಿತ್ರ ಹಾಕುತ್ತಿದ್ದವನು.

ಅವಳು ಒಂದನ್ನೂ ಬಿಡದೆ ಉತ್ತರ ಬರೆಯುತ್ತಿದ್ದಳು. ಸಂಜೆ ಬಟ್ಟೆ ಮಡಿಸಿಟ್ಟು, ಕನ್ನಡಕ ಹಾಕಿಕೊಂಡು, ಸೋಫಾದ ತುದಿಯಲ್ಲಿ ಕೂತು. ನನಗೆ ಓದಲು ಕೊಡುತ್ತಿರಲಿಲ್ಲ. "ನಿಮಗೆ ಕೋಪ ಬರುತ್ತೆ. ನಿಮ್ಮ ಕೋಪಕ್ಕೆ ಗೇರ್ ಬಾಕ್ಸ್ ಹೋಗುತ್ತೆ" ಎಂದು, ತಾನು ಬರೆದದ್ದನ್ನು ಮಾತ್ರ ಓದಿ ಹೇಳುತ್ತಿದ್ದಳು. ಹಸುವಿಗಾಗಿ ಸತ್ತವನಿಗೆ ಕಲ್ಲು ಯಾಕೆ ನಿಲ್ಲಿಸುತ್ತಾರೆ ಎಂದು ಕೇಳಿದವನಿಗೆ ಅವಳು ಬರೆದ ಉತ್ತರ ನನಗೆ ನೆನಪಿದೆ: "ಹಸು ಹೋದರೆ ಮಕ್ಕಳಿಗೆ ಹಾಲಿಲ್ಲ, ಹೊಲಕ್ಕೆ ಎತ್ತಿಲ್ಲ. ಅದನ್ನು ಉಳಿಸಲು ಹೋಗಿ ಸತ್ತವನನ್ನು ಊರು ಕಲ್ಲಿನಲ್ಲಿ ನಿಲ್ಲಿಸಿತು. ಆ ಸಾವು ಅಷ್ಟಕ್ಕೇ ದೊಡ್ಡದು. ಅದನ್ನು ದೊಡ್ಡದು ಮಾಡಲು ಅವನಿಗೆ ನಾವು ಬೇರೆ ಶತ್ರು ಹುಡುಕಿ ಕೊಡಬೇಕಾಗಿಲ್ಲ."

ಒಂದು ದಿನ ನಾನೇ ಕೇಳಿದೆ, "ಕುದುರೆ ಅಂತಲೇ ಇರ್ಲಿ ಬಿಡು ಮಂಗಳ. ಕಲ್ಲಿಗೇನು ನಷ್ಟ?"

ಅವಳು ಕನ್ನಡಕ ತೆಗೆದಳು. "ಕುದುರೆ ಅಂದ್ರೆ ಸೈನ್ಯ ಅಂತಾರೆ. ಸೈನ್ಯ ಅಂದ್ರೆ ಯಾರದು ಅಂತ ಕೇಳ್ತಾರೆ. ಆಮೇಲೆ ಅವರ ಥರ ಹೆಸರಿಟ್ಕೊಂಡೋರು ಈಗ ಯಾರಿದಾರೆ ಅಂತ ಹುಡುಕ್ತಾರೆ. ಹುಡುಕ್ತಾ ಹುಡುಕ್ತಾ ನಮ್ಮ ಬೀದಿ ಕೊನೆ ಮನೆಗೆ ಬರ್ತಾರೆ ಕಣ್ರೀ."

ಬೀದಿಯ ಕೊನೆಯ ಮನೆ ಗುಜರಿ ಅಂಗಡಿಯ ರಹೀಮ್ ಸಾಬರದು. ನಾನು ಪಟ್ಟಣಕ್ಕೆ ಬಂದಾಗ ನನಗೆ ಮೊದಲ ಲೋಡು ಕೊಟ್ಟವರು ಅವರು. ಮತ್ತೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಶ್ರಾವಣದಲ್ಲಿ ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಸುರಿಯಿತು. ನಮ್ಮ ಬೀದಿಯ ಖಾಲಿ ಸೈಟುಗಳಲ್ಲಿ ನೀರು ನಿಂತು ಹಸಿರಾಯಿತು. ಅದೇ ದಿನಗಳಲ್ಲಿ ಆ ಹಳ್ಳಿಯ ಯುವಕರ ಸಂಘ ಕಲ್ಲಿನ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿತು. ಜಿಲ್ಲಾ ಪಂಚಾಯ್ತಿ ಚುನಾವಣೆಗೆ ಟಿಕೆಟ್ ಕೇಳುತ್ತಿದ್ದ ಒಬ್ಬ ಮುಖಂಡರು ಅದಕ್ಕೆ ಹಣ ಕೊಟ್ಟಿದ್ದರು. ಫೋಟೊ ಗ್ರೂಪಿಗೆ ಬಂತು. ಕಟ್ಟೆ ಚೆನ್ನಾಗಿತ್ತು, ಕೆಂಪು ಬಣ್ಣ, ಅಂಚಿಗೆ ಬಿಳಿ. ಕಲ್ಲಿನ ಕೆಳಗಿನ ಅಂತಸ್ತು ಪೂರ್ತಿ ಸಿಮೆಂಟಿನೊಳಗೆ ಹೋಗಿತ್ತು. ಮೇಲೆ ಕೈಲಾಸ ಕಾಣುತ್ತಿತ್ತು. ಹಸುಗಳಿರಲಿಲ್ಲ.

ಮಂಗಳ ಆ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. "ರೀ, ಅವನು ಸತ್ತ ಜಾಗಾನೇ ಮುಚ್ಚಿಬಿಟ್ರು" ಎಂದಳು. ಆ ಸಂಜೆ ಅವಳಿಗೆ ಮೈ ಬಿಸಿ ಇತ್ತು. ಫೋಟೊದಿಂದ ಬಂದ ಸಂಕಟ ಎಂದುಕೊಂಡೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಎದ್ದು ಓಡಾಡಿದಳು. ಹಬ್ಬ ಮುಗಿದ ಮೇಲೆ ಮತ್ತೆ ಜ್ವರ. ರಕ್ತ ಪರೀಕ್ಷೆ ಮಾಡಿ ಡೆಂಗಿ ಎಂದರು. ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸುಗಳು ತಮ್ಮ ಕೈಲಾದದ್ದೆಲ್ಲ ಮಾಡಿದರು. ನಾನು ಅದರ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಸೊಳ್ಳೆ ಕಚ್ಚಿತು, ನನ್ನ ಹೆಂಡತಿ ಸತ್ತಳು. ಅಷ್ಟೇ ನಡೆದದ್ದು.

ಮಣ್ಣು ಮಾಡಲು ಹೆಬ್ಬೂರಿಗೆ ಕರೆದುಕೊಂಡು ಹೋದೆವು. ನಮ್ಮಲ್ಲಿ ಕೂರಿಸಿ, ವಿಭೂತಿ ಇಟ್ಟು ಮಣ್ಣು ಕೊಡುತ್ತೇವೆ. ಅವಳ ಶಾಲೆಯ ಮಕ್ಕಳು ಮಳೆಯಲ್ಲಿ ಬಸ್ಸಿಳಿದು ಬಂದರು. ರಹೀಮ್ ಸಾಬರು ಕೊಡೆ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು ನೆನೆಯುತ್ತ ನಿಂತಿದ್ದರು. ರಂಗಸ್ವಾಮಿಯೂ ಬಂದಿದ್ದ, ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಆ ಅಳು ಸುಳ್ಳಲ್ಲ.

ಅವನೇ ದೊಡ್ಡ ಫ್ಲೆಕ್ಸ್ ಮಾಡಿಸಿ ತಂದು ನಮ್ಮ ಬೀದಿಯ ತಿರುವಿನಲ್ಲಿ ಕಟ್ಟಿದ. ಮಂಗಳಾಳ ನಗುಮುಖ, ಹಿಂದೆ ಮೋಡ, ಪಾರಿವಾಳ. "ಇತಿಹಾಸಕ್ಕಾಗಿ ಕೊನೆಯುಸಿರಿನವರೆಗೂ ಹೋರಾಡಿ ವೀರಮರಣವನ್ನಪ್ಪಿದ ಲಿಂಗೈಕ್ಯ ಸರ್ವಮಂಗಳ ಟೀಚರ್."

"ಜ್ವರ ಬಂದು ಹೋದೋಳಿಗೆ ವೀರಮರಣ ಯಾಕಪ್ಪ?" ಎಂದೆ.

"ಗೌರವಕ್ಕೆ, ಭಾವ. ಸುಮ್ನಿರಿ" ಎಂದ.

ಮನೆಗೆ ವಾಪಸ್ ಬಂದೆ. ಮನೆಯ ತುಂಬ ಜನ, ನನಗೆ ಮಾತಾಡುವ ತ್ರಾಣ ಇರಲಿಲ್ಲ.

ಚಿತ್ತೆ ಮಳೆಯ ಹೊತ್ತಿಗೆ ಜನ ಬರುವುದು ನಿಂತಿತು. ಹೊಲಗಳಲ್ಲಿ ರಾಗಿ ತೆನೆ ಬಾಗಿತ್ತು, ನಡುವಿನ ಸಾಲುಗಳಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ನಾನು ಲೋಡಿಗೆ ಹೋಗಲು ಶುರು ಮಾಡಿದ್ದೆ. ಅವಳ ಫೋನು ಮೇಜಿನ ಮೇಲೇ ಇತ್ತು, ಚಾರ್ಜಿಗೆ ಹಾಕುತ್ತಿದ್ದೆ. ಯಾಕೆ ಎಂದು ಕೇಳಿದರೆ ಹೇಳಲಾರೆ. ಒಂದು ದಿನ ರಂಗಸ್ವಾಮಿ ನನಗೆ ಫೋನ್ ಮಾಡಿದ. ದನಿಯಲ್ಲಿ ಸಂಭ್ರಮ.

"ಭಾವ, ಅಕ್ಕನ ಹೆಸರು ಶಾಶ್ವತ ಮಾಡ್ತಾ ಇದೀವಿ. ಆ ಕಲ್ಲಿನ ಪಕ್ಕ ಗ್ರಾನೈಟ್ ಫಲಕ. ರಾಜ್ಯೋತ್ಸವಕ್ಕೆ ಉದ್ಘಾಟನೆ. ಗ್ರೂಪಿಗೆ ಹಾಕಿದೀನಿ, ನೋಡಿ."

ಅವಳ ಫೋನು ತೆರೆದು ಮೊದಲ ಸಲ ಆ ಗ್ರೂಪು ಓದಿದೆ. ಫಲಕದಲ್ಲಿ ಬರುವ ಮಾತು ಹೀಗಿತ್ತು: ಪರಕೀಯರ ಕುದುರೆ ಸೈನ್ಯವನ್ನು ಏಕಾಂಗಿಯಾಗಿ ತಡೆದು ವೀರಸ್ವರ್ಗ ಸೇರಿದ ಕಲಿಯ ಸ್ಮಾರಕ. ಅದರ ಕೆಳಗೆ, ಲಿಂಗೈಕ್ಯ ಸರ್ವಮಂಗಳ ಟೀಚರ್ ಅವರ ಸಂಶೋಧನೆಯ ಆಧಾರದಲ್ಲಿ, ಅವರ ಸ್ಮರಣಾರ್ಥ.

ನಮ್ಮ ಕಡೆ ಸತ್ತವರ ಹೆಸರು ಎಲ್ಲ ಕಡೆ ಇರುತ್ತದೆ. ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚು, ನೀರಿನ ತೊಟ್ಟಿ, ಶಾಲೆಯ ಬೀರು. ಸ್ಮರಣಾರ್ಥ ಎಂದು ಬರೆಸುವುದು ಪ್ರೀತಿಯಿಂದಲೇ. ರಂಗಸ್ವಾಮಿಯೂ ಪ್ರೀತಿಯಿಂದಲೇ ಮಾಡಿದ್ದ, ಅದನ್ನು ನಾನು ಇವತ್ತಿಗೂ ಹೇಳುತ್ತೇನೆ. ಆದರೆ ಅವಳು ಬದುಕಿನ ಕೊನೆಯ ಸಂಜೆಗಳನ್ನೆಲ್ಲ ಯಾವ ಮಾತಿನ ವಿರುದ್ಧ ಕಳೆದಳೋ ಅದೇ ಮಾತಿಗೆ ಅವಳಿಂದ ರುಜು ಹಾಕಿಸುತ್ತಿದ್ದರು. ಅವಳು ಬಂದು ಬೇಡ ಎನ್ನುವಂತಿರಲಿಲ್ಲ. ನಾಳೆ ಯಾರಾದರೂ ಆ ಫಲಕ ಓದಿ, ನೋಡಿ ಟೀಚರೇ ಹೇಳಿದ್ದಾರೆ ಎಂದು ನಮ್ಮ ಬೀದಿಯ ಕೊನೆಯ ಮನೆಗೆ ಬಂದರೆ?

ಮಾರನೆಯ ದಿನ ಲೋಡು ಬಿಟ್ಟು ಕುಣಿಗಲ್ಲಿಗೆ ಹೋದೆ. ಅಂಗಡಿಯಲ್ಲಿ ಮೆಷಿನ್ ಓಡುತ್ತಿತ್ತು, ಇಂಕಿನ ಘಾಟು. ಯಾರದೋ ಹುಟ್ಟುಹಬ್ಬದ ಮುಖ ನಿಧಾನವಾಗಿ ಹೊರಬರುತ್ತಿತ್ತು.

"ಮಂಗಳಾ ಹೆಸರು ತೆಗಿ" ಎಂದೆ.

"ಭಾವ, ಕೂತ್ಕೊಳಿ ಮೊದ್ಲು. ಕಾಫಿ ತರಿಸ್ತೀನಿ."

"ಕಾಫಿ ಬೇಡ. ನೀನು ಕೈಯಿಟ್ಟು ನೋಡಿದ್ದೆ. ಹಿಣಿಲು ಇದೆ ಅಂದಿದ್ದೆ. ಅನ್ನಲಿಲ್ಲ ಅಂತ ಹೇಳು, ಹೊರಟು ಹೋಗ್ತೀನಿ."

ಅವನು ಮೆಷಿನ್ ನಿಲ್ಲಿಸಿದ. ಆ ಮುಖ ಅರ್ಧಕ್ಕೆ ನಿಂತಿತು. "ಅಂದಿದ್ದೆ ಭಾವ. ಆದ್ರೆ ಜನಕ್ಕೆ ಹಸು ಕತೆ ಹಿಡಿಸಲ್ಲ. ದುಡ್ಡು ಕೊಡೋರಿಗೂ ಹಿಡಿಸಲ್ಲ. ಪಕ್ಕದೂರೋನು ಕೊಂದ ಅಂತ ಬರೆದ್ರೆ ಪಕ್ಕದೂರಿನ ಓಟು ಯಾರು ಕೊಡ್ತಾರೆ ಹೇಳಿ."

"ಹಂಗಾದ್ರೆ ನಿಮ್ಮ ಹೆಸರಲ್ಲಿ ಬರ್ಕೊಳಿ."

"ಅಕ್ಕನ ಹೆಸರು ಒಂದು ಕಲ್ಲಲ್ಲಿ ಉಳೀಲಿ ಅಂತ ಆಸೆ ಕಣ್ ಭಾವ. ಇಲ್ಲಾಂದ್ರೆ ಯಾರು ನೆನೆಸ್ಕೊತಾರೆ?"

ಆ ಮಾತು ನನ್ನನ್ನು ಒಂದು ಕ್ಷಣ ಅಲುಗಿಸಿತು. ಅವಳ ಹೆಸರಿರುವ ಕಲ್ಲು ಬೇರೆ ಎಲ್ಲೂ ಇರುವುದಿಲ್ಲ ಎಂದು ನನಗೂ ಗೊತ್ತಿತ್ತು. "ಸುಳ್ಳಿನ ಕೆಳಗೆ ಉಳಿಯೋದಕ್ಕಿಂತ ಅಳಿಸಿ ಹೋಗ್ಲಿ" ಎಂದೆ. "ಮತ್ತೆ, ಇದನ್ನ ಗ್ರೂಪಲ್ಲೂ ಹೇಳ್ತೀನಿ."

"ಹೇಳ್ಬೇಡಿ. ಹರಿದು ತಿಂದ್ಬಿಡ್ತಾರೆ ನಿಮ್ಮನ್ನ."

"ಅವಳನ್ನ ತಿಂದ್ರಲ್ಲ, ನನಗೂ ಇರ್ಲಿ."

ವಾಪಸ್ ಬರುವಾಗ ದಾರಿಯಲ್ಲಿ ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ನನ್ನ ನಂಬರನ್ನು ಗ್ರೂಪಿಗೆ ಸೇರಿಸು ಎಂದು ರಂಗಸ್ವಾಮಿಗೆ ಹೇಳಿದ್ದೆ, ಸೇರಿಸಿದ್ದ. ನಾನು ಟೈಪ್ ಮಾಡುವುದು ಬಹಳ ನಿಧಾನ. ಮಾತಾಡಿ ಕಳಿಸಿದೆ. "ನಾನು ಮಂಗಳ ಟೀಚರ್ ಯಜಮಾನ, ಗಂಗಾಧರಯ್ಯ. ಅವಳ ಹೆಸರಲ್ಲಿ ಫಲಕ ಬೇಡ. ಅವಳು ಕುದುರೆ ಅಂತ ಎಂದೂ ಹೇಳಿಲ್ಲ. ಅಲ್ಲಿರೋದು ಹಸು. ನಾನೇ ಮುಟ್ಟಿ ನೋಡಿದೀನಿ. ಇನ್ನೊಂದು ಮಾತು. ಅವಳದ್ದು ವೀರಮರಣ ಅಲ್ಲ, ಡೆಂಗಿ ಜ್ವರ. ನಮ್ಮ ಬೀದೀಲಿ ನೀರು ನಿಂತಿತ್ತು, ಸೊಳ್ಳೆ ಇತ್ತು. ಸತ್ತೋರು ಹೇಗೆ ಸತ್ರೋ ಹಾಗೇ ಇರ್ಲಿ. ದೊಡ್ಡದು ಮಾಡ್ಬೇಡಿ. ಆ ವೀರಪ್ಪಂದೂ, ನನ್ನ ಹೆಂಡ್ತಿದೂ."

ಮನೆಗೆ ಬರುವಷ್ಟರಲ್ಲಿ ಫೋನು ಬಿಸಿಯಾಗಿತ್ತು. ದುಃಖದಲ್ಲಿ ತಲೆ ಕೆಟ್ಟಿದೆ, ಪಾಪ, ಎಂದರು. ಯಾರೋ ಹೇಳಿಕೊಟ್ಟು ಮಾತಾಡಿಸಿದ್ದಾರೆ ಎಂದರು. ಲಗೇಜ್ ಆಟೊದವನು ಈಗ ಇತಿಹಾಸ ಹೇಳುತ್ತಾನೆ ಎಂದರು. ಗ್ರೂಪಿನಿಂದ ತೆಗೆಯಿರಿ ಎಂದರು. ರಂಗಸ್ವಾಮಿ ತೆಗೆಯಲಿಲ್ಲ. ಕೆಲವರು, ಬಹಳ ಅಲ್ಲ, ಟೀಚರ್ ಹೇಳಿದ್ದು ಸರಿ ಎಂದು ನನಗೆ ಬೇರೆಯಾಗಿ ಬರೆದರು. ಎಲ್ಲರ ಮುಂದೆ ಬರೆಯಲಿಲ್ಲ. ಮಂಗಳ ಕೂರುತ್ತಿದ್ದ ಸೋಫಾದ ತುದಿಯಲ್ಲಿ ಕೂತು, ಅವಳಂತೆಯೇ ಒಬ್ಬೊಬ್ಬರಿಗೂ ಉತ್ತರ ಹೇಳಿದೆ. ಎಲ್ಲರಿಗೂ ಒಂದೇ ಉತ್ತರ. "ಭಾನುವಾರ ಬನ್ನಿ, ಹೋಗಿ ನೋಡೋಣ." ಯಾರೂ ಬರಲಿಲ್ಲ. ನನಗೆ ಕೋಪ ಬಂದದ್ದೇನೋ ನಿಜ. ಗೇರ್ ಬಾಕ್ಸಿಗೆ ಏನೂ ಆಗಲಿಲ್ಲ.

ರಾಜ್ಯೋತ್ಸವದ ದಿನ ನಾನೂ ಹೋದೆ, ಯಾರೂ ಕರೆಯದಿದ್ದರೂ. ಶಾಮಿಯಾನ, ಹಳದಿ ಕೆಂಪು ಬಾವುಟ. ಫಲಕದ ಪರದೆ ಸರಿಸಿದರು. ಕುದುರೆ ಸೈನ್ಯ ಹಾಗೇ ಇತ್ತು. ಕೆಳಗೆ ಎರಡು ಸಾಲಿನ ಜಾಗವನ್ನು ಉಜ್ಜಿ ತೆಗೆದಿದ್ದರು, ಖಾಲಿ ಪಟ್ಟಿಯೊಂದು ಹೊಳೆಯುತ್ತಿತ್ತು. ರಂಗಸ್ವಾಮಿ ನನ್ನನ್ನು ನೋಡಿ ತಲೆ ತಗ್ಗಿಸಿದ. ನಾನು ಎಲ್ಲರ ಮುಂದೆ ಕೈ ಕಟ್ಟಿಕೊಂಡು ನಿಂತೆ, ಒಮ್ಮೆಯೂ ಚಪ್ಪಾಳೆ ತಟ್ಟಲಿಲ್ಲ.

ಮುಖಂಡರು ಭಾಷಣ ಮಾಡುತ್ತಿದ್ದರು. ಆಗ ಪುಟ್ಟಮ್ಮಜ್ಜಿ ಸೆರಗಿನಲ್ಲಿ ಚೊಂಬು ಮುಚ್ಚಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಕಟ್ಟೆಯ ಮುಂದೆ ನಿಂತು ಆ ಕಡೆ ಈ ಕಡೆ ನೋಡಿದಳು.

"ಏನಜ್ಜಿ?" ಎಂದು ನಂಜುಂಡ ಓಡಿಬಂದ.

"ರಾತ್ರಿ ಹಸ ಈದೈತೆ ಕಣ್ಲಾ. ಗಿಣ್ಣು ತಂದಿವ್ನಿ. ಎಲ್ಲಿಗ್ ಹುಯ್ಲಿ?"

ಮುಖಂಡರು ಮೈಕಿನಲ್ಲೇ, "ಅಲ್ಲೇ ಕಟ್ಟೆ ಮೇಲೆ ಹುಯ್ಯಿ ತಾಯಿ, ಎಲ್ಲಾ ಒಂದೇ" ಎಂದರು.

"ಅದೆಂಗ್ ಒಂದೇ ಆಯ್ತದಪ್ಪ? ಸಿಮೆಂಟು ಕುಡೀತದಾ? ಮ್ಯಾಲೆ ಶಿವ ಅವ್ನೆ, ಅವ್ನಿಗೆ ಬ್ಯಾರೆ ಹಾಲೈತೆ. ಇದು ಕೆಳಗಿರ ಹಸಗಳಿಗೆ."

"ಕೆಳಗಿರೋದು ಕುದುರೆ ಅಂತ ಬೋರ್ಡಲ್ಲೈತೆ ಅಜ್ಜಿ" ಎಂದು ಯಾರೋ ಕೂಗಿದರು.

"ಕುದ್ರೆಗೆ ಗಿಣ್ಣು ಹುಯ್ಯಕ್ಕೆ ನಮ್ಮತ್ತೆ ಏನ್ ಹುಚ್ಚಿಯಾ? ನಂಜುಂಡ, ನೀನ್ ಹೇಳ್ಲಾ. ನಿಮ್ಮವ್ವ ನಿನ್ನ ಸೊಂಟದ್ ಮ್ಯಾಲ್ ಕೂರಿಸ್ಕೊಂಡು ಇಲ್ಗೇ ತರೋಳು. ಹಸನಾ ಕುದ್ರೆನಾ?"

ನಂಜುಂಡ ಮುಖಂಡರ ಮುಖ ನೋಡಿದ, ಅಜ್ಜಿಯ ಚೊಂಬು ನೋಡಿದ. "ಹಸ ಕಣಜ್ಜಿ" ಎಂದು ಮೆಲ್ಲಗೆ ಅಂದ. ಮೈಕು ಪಕ್ಕದಲ್ಲೇ ಇತ್ತು. ಊರ ತುಂಬ ಕಟ್ಟಿದ್ದ ಸ್ಪೀಕರುಗಳೆಲ್ಲ "ಹಸ ಕಣಜ್ಜಿ" ಎಂದವು.

ಜನ ನಗಲು ಶುರು ಮಾಡಿದರು. ಮುಖಂಡರೂ ನಗಬೇಕಾಯಿತು. ಅಜ್ಜಿ ಹುಯ್ಯದೆ ಚೊಂಬು ವಾಪಸ್ ತೆಗೆದುಕೊಂಡು ಹೋದಳು. ನಾನು ಗಾಡಿಗೆ ಹೋಗಿ ಕೂತೆ. ಮಂಗಳ ಹೋದ ಮೇಲೆ ಅಳದವನು ಅವತ್ತು ಸ್ಟೀರಿಂಗ್ ಹಿಡಿದುಕೊಂಡು ಅತ್ತೆ, ನಗುತ್ತಲೇ.

ರಾಗಿ ಕೊಯ್ಲಿನ ಹೊತ್ತಿಗೆ ಆ ಕಟ್ಟೆಯ ಮುಂಭಾಗ ಒಡೆದಿತ್ತು. ಯಾರು ಒಡೆದರೆಂದು ಊರಿನಲ್ಲಿ ಯಾರೂ ಹೇಳುವುದಿಲ್ಲ. ಈದ ಹಸುಗಳು ಕಟ್ಟೆಗೋಸ್ಕರ ಕಾಯುವುದಿಲ್ಲವಲ್ಲ ಎಂದಷ್ಟೇ ನಂಜುಂಡ ಅಂದ. ಅವನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಫಲಕ ಮಾತ್ರ ಹಾಗೇ ನಿಂತಿದೆ. ಬದಲಾಯಿಸೋಣ ಎಂದು ನಾನು ತಿಂಗಳಿಗೊಮ್ಮೆ ರಂಗಸ್ವಾಮಿಗೆ ಫೋನ್ ಮಾಡುತ್ತೇನೆ. "ಎಲೆಕ್ಷನ್ ಮುಗೀಲಿ ಭಾವ" ಎನ್ನುತ್ತಾನೆ. ನಾನು ಮತ್ತೆ ಮುಂದಿನ ತಿಂಗಳು ಮಾಡುತ್ತೇನೆ.

ಮೊನ್ನೆ ಆ ಹುಣಸೆ ಮರದ ಕೆಳಗಿಂದ ಗಾಡಿಯನ್ನು ತುಮಕೂರಿನ ಕಡೆ ತಿರುಗಿಸಲಿಲ್ಲ. ಒಳರಸ್ತೆ ಹಿಡಿದು ಹೋಗಿ, ಊರಿನ ನಲ್ಲಿಯಲ್ಲಿ ಕ್ಯಾನು ತುಂಬಿಸಿ, ಕಲ್ಲಿನ ಮೇಲೆ ಸುರಿದೆ. ಬಿಲ್ಲುಗಾರ ಎದ್ದ. ಅವನ ಹಿಂದೆ ಎರಡು ಹಸು, ಹಿಣಿಲು, ಗಂಗೆದೊಗಲು. ಮುಂದಿನ ಕುಳಿಯಲ್ಲಿ ಹಳದಿಯಾಗಿ ಒಣಗಿದ ಗಿಣ್ಣು, ಅದರ ಸುತ್ತ ಇರುವೆ. ಫೋಟೊ ತೆಗೆದು ಗ್ರೂಪಿಗೆ ಹಾಕಿ, ಒಂದೊಂದೇ ಅಕ್ಷರ ಹುಡುಕಿ ಬರೆದೆ: "ಸರ್ವಮಂಗಳ ಟೀಚರ್ ಹೇಳಿದ ಹಸುಗಳು. ಕಂಡು ಬರೆದಿದ್ದೇನೆ."

ತುಮಕೂರು ಸೇರುವ ಮೊದಲೇ ಉತ್ತರ ಬಂದಿತ್ತು. ಹೊಸದಾಗಿ ಸೇರಿದ ಯಾರೋ ಒಬ್ಬರು. "ಸರಿಯಾಗಿ ನೋಡಿ ಸ್ವಾಮಿ, ಅವು ಕುದುರೆ."

ಗಾಡಿ ನಿಲ್ಲಿಸಿ ಬರೆದೆ.

"ಭಾನುವಾರ ಗುಬ್ಬಿ ಬಸ್ ಸ್ಟ್ಯಾಂಡಿಗೆ ಬನ್ನಿ. ಅಲ್ಲಿಂದ ನನ್ನ ಗಾಡಿಯಲ್ಲೇ ಹೋಗೋಣ. ಹಿಂದೆ ಕೂರಬೇಕಾಗಿಲ್ಲ. ಮುಂದೆ ನನ್ನ ಪಕ್ಕದ ಸೀಟು ಖಾಲಿ ಇದೆ."